ವರನಿಗೆ ಇಟ್ಟ ಹೆಸರು

ನಮ್ಮ ಸ್ಟೋರ್ ರೂಮು ಈ ಸಲವೂ ಸೋರಿತು. ನೈರೋಬಿಯ ಲೊರೆಶೋದ ಈ ಮನೆಗೆ ಬಂದು ಹದಿನೈದು ವರ್ಷವಾಯಿತು. ಮಾರ್ಚ್ ಕೊನೆಗೆ ಮಳೆ ಹಿಡಿಯುತ್ತದೆ, ಏಪ್ರಿಲ್ ಮೊದಲ ವಾರಕ್ಕೆ ಸ್ಟೋರ್ ಸೋರುತ್ತದೆ, ಮನೆಯ ಮಾಲೀಕರಿಗೆ ಫೋನ್ ಮಾಡಿದರೆ ನಾಳೆಯೇ ಜನ ಕಳಿಸುತ್ತೇನೆ ಅನ್ನುತ್ತಾರೆ. ಆ ನಾಳೆ ಇನ್ನೂ ಬಂದಿಲ್ಲ. ಮೊನ್ನೆ ಬಕೆಟ್ಟು ಇಡಲು ಹೋದ ವಂಜಿರು, ನೆಂದು ಉಬ್ಬಿದ ಒಂದು ರಟ್ಟಿನ ಪೆಟ್ಟಿಗೆಯನ್ನು ಹಜಾರಕ್ಕೆ ಎಳೆದು ತಂದಳು. ಬಿಚ್ಚಿದ ಕೂಡಲೇ ಒದ್ದೆ ಕಾಗದ, ಮುದ್ರಣದ ಮಸಿ, ಅರಿಶಿನ ಎಲ್ಲ ಸೇರಿದ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು.

“ಮಮಾ ಅನುಷಾ, ಇದನ್ನು ಬಿಸಾಡಲಾ?” ಅಂದಳು. ಇಪ್ಪತ್ತು ವರ್ಷಕ್ಕೂ ಮೇಲೆ ನಮ್ಮ ಮನೆಯಲ್ಲಿ ಕೆಲಸ ಮಾಡಿಕೊಂಡಿರುವ ಅವಳು ನನ್ನನ್ನು ಕರೆಯುವುದೇ ಹಾಗೆ, ಮಗಳ ಹೆಸರು ಹಿಡಿದು. ಈ ಊರಿನ ಕ್ರಮ ಅದು.

ಪೆಟ್ಟಿಗೆಯೊಳಗೆ ಮುನ್ನೂರು ಲಗ್ನಪತ್ರಿಕೆಗಳಿದ್ದವು. ಒಂದನ್ನೂ ಹಂಚಿರಲಿಲ್ಲ. ಚಿ.ಸೌ. ಅನುಷಾಳನ್ನು ಚಿ. ಧನಂಜಯನಿಗೆ ಕೊಟ್ಟು ಮದುವೆ ಮಾಡುವುದಾಗಿ ಅದರಲ್ಲಿ ಬಂಗಾರದ ಬಣ್ಣದ ಅಕ್ಷರದಲ್ಲಿ ಅಚ್ಚಾಗಿತ್ತು. ನಮ್ಮ ಬಳಗದಲ್ಲಿ ಧನಂಜಯ ಅನ್ನುವವನೇ ಇಲ್ಲ, ಯಾವತ್ತೂ ಇರಲಿಲ್ಲ. ಇಲ್ಲದ ಆ ಮಹಾನುಭಾವನ ದೆಸೆಯಿಂದ ಮೂರು ವರ್ಷದ ಹಿಂದೆ ಒಂದು ಇಡೀ ಮಳೆಗಾಲ ನಾವು ಎರಡು ಖಂಡಗಳ ನಡುವೆ ಕಿತ್ತಾಡಿದೆವು.

ಅನುಷಾ ನಮ್ಮ ಒಬ್ಬಳೇ ಮಗಳು. ಹುಟ್ಟಿದ್ದು ಇಲ್ಲೇ, ನಾವು ನ್ಗಾರಾದಲ್ಲಿ ಬಾಡಿಗೆಗಿದ್ದಾಗ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕೆನಡಾದ ಪೂರ್ವದ ಕಡಲ ತುದಿಯ ಹ್ಯಾಲಿಫ್ಯಾಕ್ಸಿಗೆ ಓದಲು ಹೋದವಳು ಅಲ್ಲೇ ಕೆಲಸ ಹಿಡಿದಳು. ಆ ವರ್ಷದ ಜನವರಿಯಲ್ಲಿ ಫೋನ್ ಮಾಡಿ, ಮಾರ್ಕಸ್ ಎಂಬ ಹುಡುಗನನ್ನು ಮದುವೆಯಾಗುತ್ತೇನೆ, ಸೇತುವೆ ಕಟ್ಟುವ ಇಂಜಿನಿಯರು ಅಂದಳು. ಫೋಟೋ ಕಳಿಸಿದಳು. ಕಪ್ಪು ಹುಡುಗ, ಎತ್ತರದ ಆಳು, ನಗು ಚೆನ್ನಾಗಿತ್ತು.

ಸುಳ್ಳು ಯಾಕೆ ಹೇಳಲಿ, ನನಗೂ ಎದೆ ಧಸಕ್ಕೆಂದಿತು. ಈ ಊರಿನಲ್ಲಿ ಇಪ್ಪತ್ತೆಂಟು ವರ್ಷ ಉಂಡು ತಿಂದು, ಇಲ್ಲಿನವರ ನಡುವೆಯೇ ಬದುಕಿ, ಅವರಲ್ಲೊಬ್ಬರು ನೆಂಟರಾಗಬಹುದು ಅಂತ ಒಂದು ದಿನವೂ ಯೋಚಿಸಿರಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು. ನಮ್ಮ ಯಜಮಾನರು ಔಷಧಿ ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಮ್ಯಾನೇಜರು. ಯಾವುದಕ್ಕೂ ಮೊದಲು ಮೂಲ ಸಾಮಗ್ರಿ ಎಲ್ಲಿಯದು ಎಂದು ಕೇಳುವುದು ಅವರ ಅಭ್ಯಾಸ. ಮೂರನೆಯ ದಿನ ಮಗಳಿಗೆ ಫೋನ್ ಮಾಡಿ ಕೇಳಿದರು.

“ಮೂಲತಃ ಅವರು ಎಲ್ಲಿಯವರಮ್ಮಾ?”

“ಕೆನಡಾ, ಅಪ್ಪಾ.”

“ಅದು ಗೊತ್ತು ಕಣೇ. ಮೂಲತಃ?”

“ಅವರು ಅಲ್ಲಿಗೆ ಬಂದು ಟೂ ಹಂಡ್ರೆಡ್ ಇಯರ್ಸ್ ಮೇಲಾಯ್ತು. ನೀವು ನೈರೋಬಿಗೆ ಬಂದು ಟ್ವೆಂಟಿ ಎಯ್ಟ್. ಯಾರು ಯಾರನ್ನ ಕೇಳ್ಬೇಕು?” ಸಿಟ್ಟು ಬಂದಾಗ ಮಾತ್ರ ಅವಳ ಬಾಯಲ್ಲಿ ಕನ್ನಡ ಬರುತ್ತದೆ.

ಆಮೇಲೆ ಒಂದೊಂದಾಗಿ ತಿಳಿಯಿತು. ಮಾರ್ಕಸ್ಸನ ತಂದೆಯ ಕಡೆಯವರು ಅಮೆರಿಕದಲ್ಲಿ ಗುಲಾಮರಾಗಿದ್ದವರು. ಅಲ್ಲಿ ಬ್ರಿಟಿಷರ ಯುದ್ಧ ಮುಗಿದಾಗ ಬಿಡುಗಡೆ ಪಡೆದು, ಹಡಗು ಹತ್ತಿ, ಹ್ಯಾಲಿಫ್ಯಾಕ್ಸ್ ಇರುವ ನೋವಾ ಸ್ಕೋಶಿಯಾಕ್ಕೆ ಬಂದರು. ಕೊಡುತ್ತೇವೆ ಅಂದ ಜಮೀನು ಎಷ್ಟೋ ಕಾಲ ಕೈಗೆ ಬರಲಿಲ್ಲ, ಬಂದದ್ದೂ ಬರೀ ಕಲ್ಲು. ತಾಯಿಯ ಕಡೆಯವರು ಅದಕ್ಕೆ ಎಷ್ಟೋ ತಲೆಮಾರಿನ ನಂತರ ಅಮೆರಿಕದ ಓಕ್ಲಹೋಮಾದಿಂದ ರೈಲಿನಲ್ಲಿ ಬಂದು, ನಾಲ್ಕು ಸಾವಿರ ಕಿಲೋಮೀಟರು ಆಚೆ, ಕೆನಡಾದ ಪಶ್ಚಿಮದ ಆಲ್ಬರ್ಟಾದಲ್ಲಿ ಕಾಡು ಕಡಿದು ಗೋಧಿ ಬೆಳೆದವರು. ಕೆಲಸ ಹುಡುಕಿ ಪಶ್ಚಿಮಕ್ಕೆ ಹೋದ ತಂದೆ ಅಲ್ಲಿನ ಚರ್ಚಿನಲ್ಲಿ ತಾಯಿಯನ್ನು ಕಂಡದ್ದು. ಎರಡು ಕಡೆಯವರೂ ಕಪ್ಪು ಜನ, ಎರಡು ಕಡೆಯವರೂ ವಲಸೆ ಬಂದು ನೆಲ ಕಚ್ಚಿದವರು. ಆದರೂ ಅವರಿಬ್ಬರ ಮದುವೆಯಲ್ಲಿ, ನೀವು ನಿನ್ನೆ ಮೊನ್ನೆ ಬಂದವರು ಎಂದು ಹಡಗಿನವರು, ನಿಮಗೆ ಕಲ್ಲು ಬಿಟ್ಟು ಏನು ಸಿಕ್ಕಿತು ಎಂದು ರೈಲಿನವರು ಜಗಳಕ್ಕೆ ನಿಂತರಂತೆ. ಇದನ್ನು ಕೇಳಿದ ಮೇಲೆ ನನಗೆ ಆ ಕುಟುಂಬದ ಬಗ್ಗೆ ಇದ್ದ ಅರ್ಧ ಭಯ ಹೋಯಿತು. ಇಂಥ ಜಗಳವಿಲ್ಲದ ಮದುವೆಯನ್ನು ನಮ್ಮ ಮೈಸೂರಿನಲ್ಲೂ ನಾನು ಕಂಡಿಲ್ಲ.

ಆ ಜಗಳ ನಿಲ್ಲಿಸಲು ಹುಡುಗನ ಸೋದರತ್ತೆ ಲೊರೇನ್, ಎರಡೂ ಕುಟುಂಬಗಳ ಕಥೆಯನ್ನು ಒಂದೇ ಪುಸ್ತಕವಾಗಿ ಬರೆದು ಮದುವೆಯ ಉಡುಗೊರೆ ಕೊಟ್ಟಳಂತೆ. ಆಕೆ ಶಾಲೆಯ ಲೈಬ್ರರಿ ನೋಡಿಕೊಂಡಿದ್ದವಳು, ಮದುವೆಯಾಗಿಲ್ಲ, ಮಾರ್ಕಸ್ಸನನ್ನು ಅರ್ಧ ಸಾಕಿದವಳೂ ಅವಳೇ. ಅಂದಿನಿಂದ ಆ ಮನೆಯಲ್ಲಿ ಅದೇ ಸಂಪ್ರದಾಯ. ಯಾರದೇ ಮದುವೆಯಾಗಲಿ, ಬೀಗರ ವಂಶದ ಪುಟಗಳು ಪುಸ್ತಕಕ್ಕೆ ಸೇರಬೇಕು. ನಮಗೂ ಒಂದು ಫಾರಂ ಬಂತು. ಗಂಡಸರ ಹೆಸರು, ಹೆಂಗಸರ ಹೆಸರು. ಹೆಂಗಸರಿಗೆ ಹುಟ್ಟಿದಾಗ ಇದ್ದ ಹೆಸರನ್ನೇ ಬರೆಯಬೇಕು ಎಂದು ಕೆಳಗೆ ಗೆರೆ ಎಳೆದಿತ್ತು. ನಮ್ಮ ಯಜಮಾನರು ತಾತ ಮುತ್ತಾತಂದಿರನ್ನೂ ಅಜ್ಜಿ ಮುತ್ತಜ್ಜಿಯರನ್ನೂ ತರ್ಪಣದಲ್ಲಿ ಹೇಳುವ ಹಾಗೆ ಗಡಗಡ ಬರೆದು, “ನೋಡು, ಎಲ್ಲಾ ಬಾಯಿಪಾಠ” ಎಂದು ಬೀಗಿದರು. ಗೆರೆ ಎಳೆದ ಸಾಲನ್ನು ಓದಲಿಲ್ಲ.

ಮದುವೆ ಮೇ ಕೊನೆಯ ಭಾನುವಾರ, ಇಲ್ಲೇ ನೈರೋಬಿಯಲ್ಲಿ ಎಂದಾಯಿತು. ಮಾರ್ಚಿನ ಮೊದಲ ಮಳೆಯಲ್ಲಿ ನೆನೆದುಕೊಂಡೇ ಭಟ್ಟರು ಮನೆಗೆ ಬಂದರು. ಉಡುಪಿ ಕಡೆಯವರು, ಇಲ್ಲಿನ ದೇವಸ್ಥಾನವೊಂದರಲ್ಲಿ ಅರ್ಚಕರು, ಯಾವುದಕ್ಕೂ ಇಲ್ಲ ಅನ್ನುವವರಲ್ಲ.

“ಹುಡುಗನಿಗೆ ಗೋತ್ರ ಇಲ್ಲವಲ್ಲ ಭಟ್ಟರೇ” ಅಂದರು ಇವರು.

“ಎಂತ ತೊಂದರೆ ಉಂಟು ಮಾರಾಯ್ರೆ? ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ. ಮುಂಚಿನ ದಿನ ಹುಡುಗನಿಗೆ ಒಂದು ನಾಮಕರಣ ಮಾಡುವ. ಒಳ್ಳೆ ಹೆಸರು ನೀವೇ ಹೇಳಿ.”

ಇವರಿಗೆ ಖುಷಿಯೋ ಖುಷಿ. ಆ ವಾರವೆಲ್ಲ ಹೆಸರು ಹುಡುಕಿದ್ದೇ ಹುಡುಕಿದ್ದು. ಎತ್ತರದ ಹುಡುಗ, ಧನಂಜಯ ಒಪ್ಪುತ್ತೆ ಎಂದು ತೀರ್ಮಾನಿಸಿ, ನನ್ನನ್ನೂ ಒಂದು ಮಾತು ಕೇಳದೆ, ಮಗಳಿಗೂ ಹೇಳದೆ, ನ್ಗಾರಾದ ಪ್ರೆಸ್ಸಿಗೆ ಹೋಗಿ ಮುನ್ನೂರು ಪತ್ರಿಕೆ ಅಚ್ಚು ಹಾಕಿಸಿಕೊಂಡು ಬಂದರು. ಮಾರ್ಕಸ್ ಎನ್ನುವುದನ್ನು ಪಕ್ಕದಲ್ಲಿ ಕಂಸದೊಳಗೆ, ಇರುವೆಯಷ್ಟು ಅಕ್ಷರದಲ್ಲಿ ಹಾಕಿಸಿದ್ದರು. ಮೂಲೆಗಳಿಗೆ ನಾನೇ ಅರಿಶಿನ ಹಚ್ಚಿದೆ. ಓದಿದೆ, ಸುಮ್ಮನಿದ್ದೆ. ತಪ್ಪು ನನ್ನದೂ ಇದೆ. ಇವರು ಒಂದರ ಫೋಟೋ ತೆಗೆದು ಕೆನಡಾಕ್ಕೆ ಕಳಿಸಿ, ಹೊಗಳಿಕೆಗೆ ಕಾದು ಕೂತರು.

ಹೊಗಳಿಕೆ ಬರಲಿಲ್ಲ. ಎರಡು ದಿನ ಯಾರೂ ಏನೂ ಬರೆಯಲಿಲ್ಲ. ಮೂರನೆಯ ಸಂಜೆ ಅನುಷಾ ಫೋನ್ ಮಾಡಿ ಅಳುತ್ತಲೇ ಬೈದಳು. ಆ ಮನೆಯ ಮೊದಲನೆಯವನು ಹಡಗಿನ ಪಟ್ಟಿಯಲ್ಲಿ, ಗುಲಾಮನಾಗಿದ್ದಾಗ ಯಜಮಾನ ಇಟ್ಟ ಹೆಸರಿನಲ್ಲೇ ಇದ್ದನಂತೆ. ದಡಕ್ಕಿಳಿದು ಜಮೀನಿನ ಕಾಗದಕ್ಕೆ ಹೆಸರು ಕೇಳಿದಾಗ, ಅದನ್ನು ಬಿಟ್ಟು, ಮಾರ್ಕಸ್ ಎಂದು ತಾನೇ ಹೇಳಿದನಂತೆ. ತನ್ನ ಇಷ್ಟದಂತೆ ಅವನು ಆಡಿದ ಮೊದಲ ಮಾತೇ ಅದು ಎಂದು ಅವರ ಮನೆಯಲ್ಲಿ ನಂಬುತ್ತಾರೆ. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ತಲೆಮಾರಿನಲ್ಲೂ ಒಬ್ಬ ಮಾರ್ಕಸ್ ಇದ್ದಾನೆ. ಲೊರೇನ್ ಅತ್ತೆ ಟಿಕೆಟ್ ರದ್ದು ಮಾಡಿದ್ದಾಳೆ. ಅವಳಿಲ್ಲದೆ ಮದುವೆ ಬೇಡ ಎಂದು ಮಾರ್ಕಸ್ ಹೇಳಿದ್ದಾನೆ. ನೀವು ಹೇಳಿದ್ದು ಉಡುತ್ತಾನೆ, ಹೇಳಿದಲ್ಲಿ ಕೂರುತ್ತಾನೆ, ಆದರೆ ಬೇರೆ ಹೆಸರಿಗೆ ಓಗೊಡುವುದಿಲ್ಲ.

“ಒಂದು ದಿನದ ಹೆಸರಿಗೆ ಇಷ್ಟೊಂದು ರಂಪನಾ? ಮಂತ್ರ ಮುಗಿದ್ಮೇಲೆ ಧನಂಜಯ ಅಂತ ಯಾರು ಕರೀತಾರೆ?” ಇವರು ಫೋನಿನ ಕಡೆ ಕೈ ಬೀಸಿದರು.

ನನಗೆ ತಲೆ ಚಿಟ್ಟು ಹಿಡಿದುಹೋಯಿತು. ಹೊರಗೆ ಜಡಿಮಳೆ, ವೆಸ್ಟ್‌ಲ್ಯಾಂಡ್ಸ್ ತಿರುವಿನಲ್ಲಿ ಮಟಾಟು ವ್ಯಾನುಗಳು ಅರ್ಧ ಚಕ್ರ ಮುಳುಗಿ ನಿಂತು ಕಾರ್ಖಾನೆಯಿಂದ ಇವರು ಮನೆ ಸೇರಲು ಮೂರು ಗಂಟೆ, ಬಂದ ಕೂಡಲೇ ಕರೆಂಟು ಹೋಗುವುದು, ಕತ್ತಲೆಯಲ್ಲಿ ಕೂತು ಹುಡುಗನ ಕಡೆಯವರಿಗೆ ಜಂಬ ಎಂದು ಇವರ ಗೊಣಗಾಟ. ಮಗಳು ನನಗೆ ಫೋನ್ ಮಾಡಿ ಅಪ್ಪನನ್ನು ಬೈಯುತ್ತಾಳೆ, ಅಪ್ಪ ನನ್ನ ಮುಂದೆ ಮಗಳನ್ನು ಬೈಯುತ್ತಾರೆ, ಭಟ್ಟರು ದಿನಾ ಫೋನ್ ಮಾಡಿ ಹೋಮಕ್ಕೆ ಎಷ್ಟು ಜನ ಎಂದು ಕೇಳುತ್ತಾರೆ. ಇವರೆಲ್ಲರ ನಡುವೆ ನಾನೊಬ್ಬಳು ಅಂಚೆಪೆಟ್ಟಿಗೆ. ಏಪ್ರಿಲ್ ಎರಡನೆಯ ವಾರ ಇನ್ನು ತಡೆಯಲಾರದೆ, ನಾನೇ ಲೊರೇನ್ ಜೊತೆ ವಿಡಿಯೋದಲ್ಲಿ ಕೂತೆ. ನಮಗೆ ಸಂಜೆ, ಅವರಿಗೆ ಮಧ್ಯಾಹ್ನ. ಅನುಷಾಳೂ ಅವಳ ಪಕ್ಕದಲ್ಲಿದ್ದಳು.

ಬೆಳ್ಳಿಕೂದಲಿನ, ಅಗಲ ಮುಖದ ಹೆಂಗಸು. ನನ್ನ ಮಾತು ಮುಗಿಯುವ ತನಕ ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ನಮ್ಮ ಉದ್ದೇಶ ಕೆಟ್ಟದ್ದಲ್ಲ, ಇದು ನಮ್ಮಲ್ಲಿ ಮಾಮೂಲು ಎಂದು ಸಮಜಾಯಿಷಿ ಕೊಡುತ್ತ ಹೋದ ನಾನು, ವಾದ ಗೆಲ್ಲುವ ಭರದಲ್ಲಿ, ನನ್ನದನ್ನೂ ಬದಲಾಯಿಸಿದರು, ನಾನೇನು ಮನೆ ಬಿಟ್ಟು ಓಡಿದೆನೇ ಅಂದುಬಿಟ್ಟೆ. ಹೇಗೆ ಬದಲಾಯಿಸುತ್ತಾರೆ ಎಂದು ಅವಳು ಕೇಳಿದಳು. ಹೇಳಿದೆ. ನಮ್ಮ ಯಜಮಾನರ ಮನೆಗೆ ಬಂದ ಸೊಸೆಯರಿಗೆಲ್ಲ ಹೊಸ ಹೆಸರು. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಗಂಡ ಅದರ ಮೇಲೆ ಬರೆಯುತ್ತಾನೆ. ಅತ್ತೆ ರುಕ್ಮಿಣಮ್ಮನವರು ಆರಿಸಿದ ಹೆಸರು ವೈದೇಹಿ. ಮೂವತ್ತು ವರ್ಷದಿಂದ ಪಾಸ್‌ಪೋರ್ಟಿನಲ್ಲೂ ಅದೇ.

“ನಿನ್ನದನ್ನು ತೆಗೆದುಕೊಂಡ ತಟ್ಟೆಯನ್ನೇ ನನ್ನ ಹುಡುಗನಿಗೂ ತಂದೆಯಾ?” ಅಂದಳು. ದನಿ ಏರಿಸಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಇವಳ ಹಿರಿಯರಿಗೆ ಆದದ್ದಕ್ಕೂ ನನ್ನ ಮದುವೆಯ ಅಕ್ಕಿತಟ್ಟೆಗೂ ಏನು ಸಂಬಂಧ? ನನ್ನನ್ನು ಯಾರೂ ಸಂತೆಯಲ್ಲಿ ಮಾರಿರಲಿಲ್ಲ. ಅದನ್ನೇ ಹೇಳಿದೆ. ಅವಳು ತಲೆಯಾಡಿಸಿ, ನಿಜ, ಎರಡೂ ಒಂದಲ್ಲ, ಹಾಗೆ ನಾನು ಹೇಳುವುದೂ ಇಲ್ಲ ಅಂದಳು. ಆಮೇಲೆ, “ನಿನ್ನ ಹೆಸರು ಏನಿತ್ತು?” ಎಂದು ಕೇಳಿದಳು.

“ಗಿರಿಜಾ” ಅಂದೆ. ತವರಿನವರೂ ಗಂಡನ ಮನೆಯ ಕ್ರಮಕ್ಕೆ ಹೊಂದಿಕೊಂಡು ವೈದೇಹಿ ಎಂದೇ ಕರೆಯಲು ಶುರು ಮಾಡಿ ಎಷ್ಟೋ ವರ್ಷವಾಗಿತ್ತು. ಬಾಯಿ ಬಿಟ್ಟು ಹೇಳಿದಾಗ ಯಾವುದೋ ಸಹಪಾಠಿಯ ಹೆಸರು ಹೇಳಿದಂತಾಯಿತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

“ಅಮ್ಮಾ, ವೈ ಡಿಡಂಟ್ ಐ ನೋ ದಿಸ್?” ಅನುಷಾ ಕ್ಯಾಮೆರಾಗೆ ಮುಖ ತಂದಳು.

“ನೀನು ಯಾವತ್ತು ಕೇಳಿದ್ಯೇ?”

“ಕೇಳ್ಬೇಕು ಅಂತಾನೇ ನಂಗೆ ಹೇಗೆ ಗೊತ್ತಾಗುತ್ತಮ್ಮಾ?”

ಲೊರೇನ್ ಕೊನೆಗೆ ಎರಡೇ ಮಾತು ಹೇಳಿದಳು. ಆ ಪತ್ರಿಕೆ ರದ್ದಾಗಬೇಕು. ನಮ್ಮ ಫಾರಮ್ಮಿನಲ್ಲಿ ಹೆಂಗಸರ ಮದುವೆಯ ಹೆಸರುಗಳಷ್ಟೇ ಇವೆ, ಹುಟ್ಟಿದ ಹೆಸರುಗಳು ಬರಬೇಕು. ಆಗ ಅವಳು ಟಿಕೆಟ್ ತೆಗೆದುಕೊಳ್ಳುತ್ತಾಳೆ.

ಪತ್ರಿಕೆಯ ವಿಷಯಕ್ಕೆ ಇವರು ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಫಾರಂ ಮಾತ್ರ, ಅದಕ್ಕೇನು, ಐದು ನಿಮಿಷದ ಕೆಲಸ ಎಂದು ಕೈಗೆತ್ತಿಕೊಂಡರು. ನನ್ನ ಜಾಗದಲ್ಲಿ ಗಿರಿಜಾ ಎಂದು ತಾವೇ ಬರೆದರು, ಮುಖ ನೋಡಲಿಲ್ಲ. ಅದರ ಮೇಲಿನ ಸಾಲು ಅವರ ತಾಯಿಯದು. ಪೆನ್ನು ಅಲ್ಲಿಗೆ ನಿಂತಿತು.

“ನಮ್ಮಮ್ಮನ ಹೆಸರು ಏನೇ?”

“ರುಕ್ಮಿಣಮ್ಮ.”

“ಅದಲ್ಲ ಕಣೇ, ಮುಂಚಿಂದು.”

“ನಿಮ್ಮ ತಾಯಿ, ನನ್ನನ್ನ ಕೇಳ್ತೀರಲ್ರೀ!”

ಅತ್ತೆ ಕೊನೆಯ ಏಳು ವರ್ಷ ನಮ್ಮ ಜೊತೆ ಇದೇ ಮನೆಯಲ್ಲಿದ್ದು, ಎಂಬತ್ತೆರಡಕ್ಕೆ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ಇವರು ಮೈಸೂರಿನ ಅಕ್ಕನಿಗೆ ಫೋನ್ ಹಚ್ಚಿದರು. “ಅಮ್ಮನ ಹೆಸರು ರುಕ್ಮಿಣಿ ಅಲ್ವೇನೋ, ಏನಾಗಿದೆ ನಿಂಗೆ?” ಎಂದು ಅಕ್ಕನೇ ಗದರಿದರು. ಚಾಮರಾಜನಗರದ ಸೋದರಮಾವನ ಮಗ, ಅಪ್ಪ ಅವರನ್ನು ಪಾಪಚ್ಚಿ ಅಂತ ಕರೀತಿದ್ರು, ಅಷ್ಟೇ ಗೊತ್ತು ಅಂದ. ಜಾತಕದಲ್ಲಿ ನಕ್ಷತ್ರವಿತ್ತು, ಹೆಸರಿನ ಜಾಗಕ್ಕೆ ಗೆದ್ದಲು ಹಿಡಿದಿತ್ತು. ಅತ್ತೆಯನ್ನು ಮೂರನೇ ಕ್ಲಾಸಿಗೆ ಬಿಡಿಸಿದ್ದ ಶಾಲೆ ಈಗ ಇಲ್ಲ. ಎರಡು ವಾರ ಕಾರ್ಖಾನೆಯಿಂದ ಬಂದವರೇ ಒದ್ದೆ ಬೂಟು ಕೂಡ ಬಿಚ್ಚದೆ ಫೋನ್ ಹಿಡಿದು ಕೂರುತ್ತಿದ್ದರು. ಕಾಫಿ ಆರಿ ತಣ್ಣಗಾಗುತ್ತಿತ್ತು.

ವಂಜಿರು ಇದನ್ನೆಲ್ಲ ನೋಡಿ ನೋಡಿ ಸಾಕಾಗಿ ಒಂದು ದಿನ ಅಡುಗೆಮನೆಯಲ್ಲಿ ಕೇಳಿಯೇಬಿಟ್ಟಳು. ಅತ್ತೆಯನ್ನು ಅವಳು ಶೋಶೋ, ಅಂದರೆ ಅಜ್ಜಿ, ಅನ್ನುತ್ತಿದ್ದಳು. ಸ್ನಾನ ಮಾಡಿಸಿದ್ದು, ತಲೆ ಬಾಚಿದ್ದು ಅವಳೇ.

“ಶೋಶೋನ ಹೆಸರು ಯಾರಿಗೂ ಗೊತ್ತಿಲ್ವಾ? ಮತ್ತೆ ಮಗಳಿಗೆ ಹೆಸರಿಟ್ಟಿದ್ದು ಹೇಗೆ? ನನ್ನ ದೊಡ್ಡ ಮಗಳಿಗೆ ನನ್ನ ಅತ್ತೆಯ ಹೆಸರು. ಎರಡನೆಯವಳಿಗೆ ನನ್ನ ಅಮ್ಮನದು. ಹೆಸರು ಕಳೆದುಹೋದರೆ ನಮ್ಮಲ್ಲಿ ಮಗು ಹುಟ್ಟಿದಾಗ ಏನು ಮಾಡಬೇಕು?”

ಕೊತ್ತಂಬರಿ ತೊಳಿ ಅಂದೆ.

ಮೇ ಮೊದಲ ವಾರ ನಂಜನಗೂಡಿನಲ್ಲಿ ಅತ್ತೆಯ ಓರಗೆಯ ಒಬ್ಬರು ಸಿಕ್ಕರು, ತೊಂಬತ್ತರ ಹತ್ತಿರದವರು. ಮೊಮ್ಮಗಳು ಅವರ ಕಿವಿಗೆ ಫೋನ್ ಹಿಡಿದಿದ್ದಳು. “ಕಾವೇರಿ ಅಂತಲೋ ಕಪಿಲೆ ಅಂತಲೋ ಇತ್ತಪ್ಪ. ಯಾವ್ದೋ ಹೊಳೆ ಹೆಸ್ರು” ಅಂದರು ಅಜ್ಜಿ. ಎಷ್ಟು ಕೇಳಿದರೂ ಅದರಾಚೆಗೆ ನೆನಪು ಬರಲಿಲ್ಲ.

ಮದುವೆಗೆ ಮೂರು ವಾರ. ಲೊರೇನ್ ಟಿಕೆಟ್ ತೆಗೆದಿಲ್ಲ, ಮಾರ್ಕಸ್ ಸೂಟು ಹೊಲಿಸಿಲ್ಲ, ಪತ್ರಿಕೆ ಒಂದೂ ಹಂಚಿಲ್ಲ. ನಾನು ರೋಸಿಹೋಗಿ, “ಕಾವೇರಿ ಅಂತ ಬರೆದು ಕಳಿಸ್ಬಿಡ್ರೀ. ಯಾರು ಬಂದು ನೋಡ್ತಾರೆ?” ಅಂದೆ.

ಇವರು ತಲೆಯೆತ್ತಿ ನನ್ನನ್ನೇ ನೋಡಿದರು. “ಅಂದಾಜಿನ ಮೇಲೆ ನಮ್ಮಮ್ಮಂಗೆ ಹೆಸರು ಇಡಕ್ಕಾಗುತ್ತೇನೇ? ಇಡಕ್ಕೆ ನಾನ್ಯಾರು?”

ಹಾಗಂದವರು, ತಮ್ಮ ಮಾತು ತಮಗೇ ಕೇಳಿಸಿದಂತೆ, ಪೆನ್ನು ಕೆಳಗಿಟ್ಟರು. ಕಿಟಕಿಯಾಚೆ ಮಳೆ ಹುಯ್ಯುತ್ತಲೇ ಇತ್ತು. ಎದ್ದು ಭಟ್ಟರಿಗೆ ಫೋನ್ ಮಾಡಿ, ನಾಮಕರಣ ಬೇಡ, ಹುಡುಗನ ಹೆಸರು ಮಾರ್ಕಸ್ ಎಂದಷ್ಟೇ ಹೇಳಿ ಇಟ್ಟರು. ಮರುದಿನ ರಜೆ ಹಾಕಿ ನ್ಗಾರಾಕ್ಕೆ ಹೋಗಿ ಹೊಸ ಪತ್ರಿಕೆ ಮಾಡಿಸಿದರು. ಹಳೆಯ ಪೆಟ್ಟಿಗೆ ಸ್ಟೋರ್ ರೂಮು ಸೇರಿತು. ಅತ್ತೆಯ ಸಾಲನ್ನೂ ಅದರ ಮೇಲಿನ ಅಜ್ಜಿ ಮುತ್ತಜ್ಜಿಯರ ಸಾಲುಗಳನ್ನೂ ಖಾಲಿ ಬಿಟ್ಟು ಫಾರಂ ಕಳಿಸಿದರು.

ಲೊರೇನ್ ಬಂದಳು. ಹುಡುಗನ ತಂದೆ ತಾಯಿಯೂ ಬಂದರು, ವಿಮಾನದಿಂದ ಇಳಿಯುತ್ತಲೇ ಹಡಗು ರೈಲುಗಳ ಹಳೆಯ ಜಗಳ ತೆಗೆದರು. ಮಂಟಪದಲ್ಲಿ ಭಟ್ಟರು ವರನ ಮೂರು ತಲೆಮಾರನ್ನು ಕೇಳಿದಾಗ ಲೊರೇನ್ ಎದ್ದು ನಿಂತು ಏಳು ತಲೆಮಾರು ಹೇಳಿದಳು. ಸಾಕು ಸಾಕು ಎಂದು ಭಟ್ಟರು ಕೈ ಮುಗಿದು, ವಿಲಿಯಂ, ಐಸಾಕ್‌ಗಳಿಗೆ ಸಂಸ್ಕೃತದ ಬಾಲ ಹಚ್ಚಿ ಮಂತ್ರ ಮುಂದುವರಿಸಿದರು. ಮಾರ್ಕಸ್ ಮೂರು ಗಂಟೆ ಚಕ್ಕಂಬಕ್ಕಳ ಹಾಕಿ ಕೂತು, ಎದ್ದಾಗ ಕಾಲು ಜೋಮು ಹಿಡಿದು ಇವರ ಭುಜ ಹಿಡಿದುಕೊಂಡ. ಅಕ್ಕಿತಟ್ಟೆಯನ್ನು ಯಾರೂ ತರಲಿಲ್ಲ. ಅನುಷಾ ಅನುಷಾಳಾಗಿಯೇ ಮಂಟಪದಿಂದ ಇಳಿದಳು.

ಮರುದಿನ ಮಧ್ಯಾಹ್ನ, ನೆಂಟರು ಪಾರ್ಕಿನಲ್ಲಿ ಸಿಂಹ ನೋಡಲು ಹೋಗಿದ್ದಾಗ, ಲೊರೇನ್ ಕೊಟ್ಟ ಪುಸ್ತಕ ಹಿಡಿದು ಇವರು ವರಾಂಡದಲ್ಲಿ ಕೂತಿದ್ದರು. ನಾನು ಪಕ್ಕದಲ್ಲಿ ಹೂವಿನ ಕಸ ಆರಿಸುತ್ತಿದ್ದೆ. ಹಡಗಿನಲ್ಲಿ ಬಂದ ಮೊದಲ ಮಾರ್ಕಸ್ಸನ ಹೆಂಡತಿಯ ಜಾಗದಲ್ಲಿ, “ಹೆಸರು ತಿಳಿದಿಲ್ಲ, ಹುಡುಕುತ್ತಿದ್ದೇವೆ” ಎಂದಿತ್ತು. ಯಜಮಾನನ ಪಟ್ಟಿಯಲ್ಲಿ ಅವಳನ್ನು ದೃಢಕಾಯದ ಒಬ್ಬ ಹೆಂಗಸು ಎಂದಷ್ಟೇ ಬರೆದಿದ್ದರಂತೆ. ಕೊನೆಯ ಪುಟಗಳು ನಮ್ಮವು. ರುಕ್ಮಿಣಮ್ಮನವರ ಫೋಟೋದ ಕೆಳಗೂ ಅದೇ ಮಾತು, ಅಕ್ಷರ ಕೂಡ ಬದಲಿಲ್ಲದೆ, ಅಚ್ಚಾಗಿತ್ತು.

ಇವರು ಅದನ್ನು ಬಹಳ ಹೊತ್ತು ನೋಡಿದರು. “ಆ ಹೆಂಗಸಿನ ಹೆಸರು ಹೋಗಿ ಇನ್ನೂರು ವರ್ಷ ಆಯ್ತು, ಯಾರನ್ನ ಕೇಳ್ತಾರೆ ಪಾಪ. ನಮ್ಮಮ್ಮ ಏಳು ವರ್ಷ ಇದೇ ಕುರ್ಚೀಲಿ ಕೂತಿದ್ರು ಕಣೇ. ದಿನಾ ಮಾತ್ರೆ ಕೊಡ್ತಿದ್ದೆ. ಒಂದು ಸಲ ಕೇಳಿದ್ರೆ ಆಗಿತ್ತು” ಅಂದರು. ಕನ್ನಡಕ ತೆಗೆದು ಒರೆಸಿಕೊಂಡರು.

ಈಗಲಾದರೂ ಬುದ್ಧಿ ಬಂತಲ್ಲ ಎಂದು ಚುಚ್ಚಲು ನನ್ನ ನಾಲಿಗೆಯ ತುದಿಗೆ ಮಾತು ಬಂದಿತ್ತು. ಅಲ್ಲೇ ನಿಂತಿತು. ಇಪ್ಪತ್ತಾರು ವರ್ಷ ನಾನು ಆಕೆಯ ಸೊಸೆಯಾಗಿದ್ದೆ. ನನ್ನ ಹೆಸರು ಕಿತ್ತುಕೊಂಡರು ಎಂದು ಅಷ್ಟೂ ವರ್ಷ ಒಳಗೊಳಗೇ ಆಕೆಯ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ. ಅದೇ ಮನೆಗೆ ಸೊಸೆಯಾಗಿ ಬಂದ ಆಕೆಗೂ ಒಂದು ಹೆಸರು ಇದ್ದಿರಬೇಕು ಅಂತ ನನಗೆ ಒಂದು ದಿನವೂ ಹೊಳೆದಿರಲಿಲ್ಲ.